ಕಡುಶೀತದಲ್ಲಿ ಉಕ್ಕಿನ ಕೊಳವೆ

ನಮ್ಮ ನಾಡಿನಲ್ಲಿ ಚಳಿಗಾಲ ಬಂದಿತೆಂಬುದನ್ನು ಮೊದಲು ಸಾರುವುದು ಕೊಬ್ಬರಿ ಎಣ್ಣೆಯ ಸೀಸೆ. ಧನುರ್ಮಾಸದ ಬೆಳಗಿನಲ್ಲಿ ಎಣ್ಣೆ ಹೆಪ್ಪುಗಟ್ಟಿ ಬೆಳ್ಳಗಾಗಿರುವುದನ್ನು ಕಂಡು ಸೀಸೆಯನ್ನು ಬಿಸಿಲಿನಲ್ಲಿಯೋ ಒಲೆಯ ಮಗ್ಗುಲಲ್ಲಿಯೋ ಇಡುತ್ತೇವೆ. ಆ ಎಣ್ಣೆ ಗಟ್ಟಿಯಾಗುವುದು ಸುಮಾರು 24 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಇಷ್ಟನ್ನೇ ಚಳಿಯೆಂದು ಕರೆದು ರೂಢಿಯಾದ ನಮಗೆ, ಅಲಾಸ್ಕದ ಪ್ರಾಸ್ಪೆಕ್ಟ್ ಕ್ರೀಕ್ ಎಂಬಲ್ಲಿ 1971ರ ಜನವರಿ 23ರಂದು ಉಷ್ಣತೆ ಸೊನ್ನೆಗಿಂತ 62 ಡಿಗ್ರಿ ಕೆಳಕ್ಕೆ ಇಳಿಯಿತೆಂದರೆ ಅದರ ಅರ್ಥ ಸುಲಭವಾಗಿ ಮನಸ್ಸಿಗೆ ಹತ್ತುವುದಿಲ್ಲ. ಉಷ್ಣಮಾಪಕದೊಳಗಿನ ಪಾದರಸವೇ −39 ಡಿಗ್ರಿಯಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತದೆ ಎಂಬುದನ್ನು ನೆನೆದರೆ ಅಲ್ಲಿನ ಶೈತ್ಯದ ಉಗ್ರತೆ ಸ್ವಲ್ಪಮಟ್ಟಿಗೆ ಹೊಳೆದೀತು.

ಪ್ರಾಸ್ಪೆಕ್ಟ್ ಕ್ರೀಕ್ ಊರೆನ್ನುವಂಥ ಊರಲ್ಲ. ತೈಲದ ಕೊಳವೆಮಾರ್ಗವೊಂದನ್ನು ಹಾಕಲು ಹೊರಟವರ ಬಿಡಾರ. ಅಲಾಸ್ಕದ ಉತ್ತರದ ತುದಿಯಲ್ಲಿರುವ ಪ್ರೂಡೋ ಬೇ ಎಂಬಲ್ಲಿ 1968ರಲ್ಲಿ ಅಪಾರವಾದ ಖನಿಜತೈಲ ದೊರೆಯಿತು. ಅಲ್ಲಿಯ ಸಮುದ್ರ ವರ್ಷದ ಬಹುಭಾಗ ಮಂಜುಗಡ್ಡೆಯಾಗಿರುವುದರಿಂದ ತೈಲವನ್ನು ಹಡಗಿಗೆ ತುಂಬುವಂತಿರಲಿಲ್ಲ. ಆದುದರಿಂದ ದಕ್ಷಿಣದ ವಾಲ್ಡೀಸ್ ಬಂದರಿನವರೆಗೆ ಸುಮಾರು 1288 ಕಿಲೋಮೀಟರು ಉದ್ದದ ಉಕ್ಕಿನ ಕೊಳವೆಯನ್ನು ಹಾಕಿದರು. ಅದರ ವ್ಯಾಸ 48 ಅಂಗುಲ. ಅಂದರೆ ಐದಾರು ವರ್ಷದ ಹುಡುಗನೊಬ್ಬ ತಲೆ ಬಾಗಿಸದೆ ಅದರೊಳಗೆ ನಡೆದು ಹೋಗಬಹುದು. 1977ರ ಜೂನಿನಲ್ಲಿ ತೈಲ ಹರಿಯತೊಡಗಿತು.

ಇಂಥ ಕೊಳವೆಯನ್ನು ವಿನ್ಯಾಸಮಾಡುವ ಶಿಲ್ಪಿ ಉಕ್ಕನ್ನು ತನಗೆ ತೋಚಿದಂತೆ ಆರಿಸುವ ಹಾಗಿಲ್ಲ. ಹಿಂದಿನವರ ಅನುಭವವನ್ನೂ ಅವಘಡಗಳನ್ನೂ ಕಲೆಹಾಕಿ ರಚಿಸಿದ ನಿಯಮಸಂಹಿತೆಗಳಿವೆ. ಅವುಗಳಲ್ಲಿ ಪ್ರಸಿದ್ಧವಾದುದು ಅಮೆರಿಕದ 'ಬಿ31' ಸಂಹಿತೆ. ಅದರ ಕೆಲಸ 1926ರಲ್ಲಿ ಆರಂಭವಾಗಿ 1935ರಲ್ಲಿ ಮೊದಲ ಆವೃತ್ತಿ ಹೊರಬಿತ್ತು. ಈಗ ಅದಕ್ಕೆ ಹಲವು ಭಾಗಗಳು: ತೈಲವೇ ಮೊದಲಾದ ದ್ರವಗಳ ಕೊಳವೆಮಾರ್ಗಕ್ಕೆ ಒಂದು, ಅನಿಲಕ್ಕೆ ಇನ್ನೊಂದು, ಕಾರ್ಖಾನೆಗಳೊಳಗಣ ಕೊಳವೆಗಳಿಗೆ ಮತ್ತೊಂದು.

ಸಂಹಿತೆಯ ಮೂಲ ಲೆಕ್ಕ ಬಹು ಸರಳ. ಒಳಗಿನ ಒತ್ತಡವು ಕೊಳವೆಯ ಗೋಡೆಯನ್ನು ಸುತ್ತಲೂ ಹಿಗ್ಗಿಸಲು ಎಳೆಯುತ್ತದೆ. ಒತ್ತಡವನ್ನು ವ್ಯಾಸದಿಂದ ಗುಣಿಸಿ, ಗೋಡೆಯ ದಪ್ಪದ ಎರಡರಷ್ಟರಿಂದ ಭಾಗಿಸಿದರೆ ಗೋಡೆಯಲ್ಲಿ ಉಂಟಾಗುವ ಪೀಡನ ದೊರೆಯುತ್ತದೆ. ಅಲಾಸ್ಕದ ಕೊಳವೆಗೇ ಈ ಲೆಕ್ಕವನ್ನು ಮಾಡಿ ನೋಡೋಣ. ಅದಕ್ಕೆ ಗೊತ್ತುಮಾಡಿದ ಅತ್ಯಧಿಕ ಒತ್ತಡ ವಾಯುಮಂಡಲದ ಒತ್ತಡದ 80 ಪಟ್ಟು, ಎಂದರೆ ಸುಮಾರು 8.1 ಮೆಗಾಪಾಸ್ಕಲ್, ವ್ಯಾಸ 1219 ಮಿಲಿಮೀಟರು, ದಪ್ಪ ಗೋಡೆಯಿರುವ ಭಾಗಗಳಲ್ಲಿ ಉಕ್ಕಿನ ದಪ್ಪ 14.3 ಮಿಲಿಮೀಟರು. ಗುಣಿಸಿ ಭಾಗಿಸಿದರೆ ಬರುವ ಪೀಡನ ಸುಮಾರು 347 ಮೆಗಾಪಾಸ್ಕಲ್. ಉಕ್ಕು ಮಣಿದು ಶಾಶ್ವತವಾಗಿ ಹಿಗ್ಗತೊಡಗುವ ಮಿತಿಯೋ 483 ಮೆಗಾಪಾಸ್ಕಲ್. ಮೊದಲನೆಯದು ಎರಡನೆಯದರಲ್ಲಿ ನೂರಕ್ಕೆ 72ರಷ್ಟು. ಇದು ಆಕಸ್ಮಿಕವಲ್ಲ, ದ್ರವಗಳ ಕೊಳವೆಮಾರ್ಗದಲ್ಲಿ ಪೀಡನವು ಮಣಿಯುವ ಮಿತಿಯ ಶೇಕಡ 72ನ್ನು ಮೀರಕೂಡದೆಂಬುದೇ ಸಂಹಿತೆಯ ಆಜ್ಞೆ.

ಈ ಲೆಕ್ಕದಲ್ಲಿ ಉಷ್ಣತೆ ಎಲ್ಲಿಯೂ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಇನ್ನೂ ಸೋಜಿಗವೆಂದರೆ, ಉಕ್ಕನ್ನು ತಣ್ಣಗೆ ಮಾಡಿದಷ್ಟೂ ಅದರ ಮಣಿಯುವ ಮಿತಿ ಏರುತ್ತದೆ. ಅಂದರೆ ಬರಿಯ ಬಲವನ್ನು ಅಳೆದರೆ ಅಲಾಸ್ಕದ ಉಕ್ಕು ಬಳ್ಳಾರಿಯ ಬಿಸಿಲಿನಲ್ಲಿರುವ ಉಕ್ಕಿಗಿಂತ ಬಲಶಾಲಿ. ಹಾಗಾದರೆ ಚಳಿಗೆ ಅಂಜುವುದೇಕೆ?

ಇದಕ್ಕೆ ಉತ್ತರವಾಗಿ ಒಂದು ಹಡಗಿನ ಕಥೆಯನ್ನು ಹೇಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ಉಕ್ಕಿನ ತಗಡುಗಳನ್ನು ಮೊಳೆ ಹೊಡೆದು ಜೋಡಿಸುವ ಹಳೆಯ ಪದ್ಧತಿಯನ್ನು ಬಿಟ್ಟು, ಬೆಸೆದು ಸಾವಿರಾರು ಹಡಗುಗಳನ್ನು ಅವಸರದಲ್ಲಿ ಕಟ್ಟಿದರು. 1943ರ ಜನವರಿ 16ರ ರಾತ್ರಿ ಪೋರ್ಟ್‌ಲೆಂಡ್ ನಗರದ ಹಡಗುಕಟ್ಟೆಯಲ್ಲಿ 'ಸ್ಕೆನೆಕ್ಟಡಿ' ಎಂಬ ಹೊಚ್ಚಹೊಸ ತೈಲದ ಹಡಗು, ಅಲೆಯಿಲ್ಲದ ನೀರಿನಲ್ಲಿ ಸುಮ್ಮನೆ ನಿಂತಿದ್ದಂತೆಯೇ, ಭಾರಿ ಸದ್ದಿನೊಡನೆ ನಡುವೆ ಸೀಳಿ ಎರಡಾಯಿತು. ಶತ್ರುವಿನ ಗುಂಡಿಲ್ಲ, ಬಿರುಗಾಳಿಯಿಲ್ಲ. ಇದ್ದುದು ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿನ ಚಳಿ ಮಾತ್ರ. ಅದೇ ರೀತಿ ಇನ್ನೂ ಹಲವು ಹಡಗುಗಳು ಬಿರಿದವು. ಮೊದಲು ಎಲ್ಲರೂ ಬೆಸುಗೆಯನ್ನೇ ದೂರಿದರು. ಕೇಂಬ್ರಿಜಿನ ಲೋಹಶಾಸ್ತ್ರಜ್ಞೆ ಕಾನ್ಸ್‌ಟನ್ಸ್ ಟಿಪ್ಪರ್ ಒಡೆದ ತಗಡುಗಳನ್ನು ಪರೀಕ್ಷಿಸಿ, ತಪ್ಪು ಮುಖ್ಯವಾಗಿ ಉಕ್ಕಿನದೇ ಎಂದು ತೋರಿಸಿದರು. ಆ ಉಕ್ಕು ಒಂದು ಉಷ್ಣತೆಯ ಕೆಳಗೆ ತನ್ನ ಸ್ವಭಾವವನ್ನೇ ಬದಲಿಸಿ ಪೆಡಸಾಗುತ್ತಿತ್ತು. ಬೆಸುಗೆಯ ಪಾಲು ಬೇರೆ ಬಗೆಯದು: ಮೊಳೆ ಹೊಡೆದ ಹಡಗಿನಲ್ಲಿ ಬಿರುಕು ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತದೆ, ಬೆಸೆದ ಹಡಗು ಒಂದೇ ತುಂಡಾದುದರಿಂದ ಬಿರುಕಿಗೆ ತಡೆಯೇ ಇಲ್ಲ. ಬೆಸೆದ ಕೊಳವೆಮಾರ್ಗವೂ ಒಂದೇ ತುಂಡು ಎಂಬುದನ್ನು ಇಲ್ಲಿಯೇ ಮನಸ್ಸಿನಲ್ಲಿಟ್ಟುಕೊಳ್ಳೋಣ.

ಅಕ್ಕಸಾಲಿಗನ ಅರಗನ್ನು ನೋಡಿದವರಿಗೆ ಪೆಡಸುತನ ಹೊಸದಲ್ಲ. ಬೆಚ್ಚಗಿರುವಾಗ ಅರಗು ಬೆರಳಿಗೆ ಬಾಗುತ್ತದೆ. ಆರಿದ ಮೇಲೆ ಸುತ್ತಿಗೆ ತಾಗಿದರೆ ಚೂರಾಗುತ್ತದೆ. ಉಕ್ಕಿನಲ್ಲಿ ಹೀಗಾಗುವ ಕಾರಣ ಪರಮಾಣುಗಳ ಜೋಡಣೆಯಲ್ಲಿದೆ. ಲೋಹ ಬಾಗುವುದೆಂದರೆ ಒಂದು ಪದರದ ಪರಮಾಣುಗಳು ಇನ್ನೊಂದು ಪದರದ ಮೇಲೆ ಜಾರುವುದು. ಇಡೀ ಪದರ ಒಮ್ಮೆಗೇ ಜಾರುವುದಿಲ್ಲ. ಮದುವೆಯ ಚಪ್ಪರದಲ್ಲಿ ಹಾಸಿದ ದೊಡ್ಡ ಜಮಖಾನವನ್ನು ಸರಿಸಬೇಕಾದಾಗ ಒಂದು ಅಂಚಿನಲ್ಲಿ ಮಡಿಕೆ ಎಬ್ಬಿಸಿ ಆ ಮಡಿಕೆಯನ್ನೇ ಮುಂದೆ ಮುಂದೆ ತಳ್ಳುವುದುಂಟಷ್ಟೆ. ಸ್ಫಟಿಕದೊಳಗೂ ಅಂಥ ಮಡಿಕೆಗಳಿವೆ. ಅವುಗಳನ್ನು ಸ್ಥಾನಪಲ್ಲಟಗಳೆನ್ನುತ್ತಾರೆ. ಸಾಮಾನ್ಯ ಉಕ್ಕಿನಲ್ಲಿ ಕಬ್ಬಿಣದ ಪರಮಾಣುಗಳು ಘನಾಕೃತಿಯ ಎಂಟು ಮೂಲೆಗಳಲ್ಲಿ ಒಂದೊಂದರಂತೆಯೂ ನಡುವೆ ಒಂದರಂತೆಯೂ ಕುಳಿತಿರುತ್ತವೆ. ಈ ಜೋಡಣೆಯಲ್ಲಿ ಸ್ಥಾನಪಲ್ಲಟವು ಪ್ರತಿ ಹೆಜ್ಜೆಗೂ ಒಂದು ಸಣ್ಣ ದಿಣ್ಣೆಯನ್ನು ಹತ್ತಿ ಇಳಿಯಬೇಕು. ಹತ್ತಲು ನೆರವಾಗುವುದು ಪರಮಾಣುಗಳ ಉಷ್ಣಕಂಪನ. ಚಳಿ ಏರಿದಂತೆ ಕಂಪನ ಕುಗ್ಗಿ, ಜಾರಿಸಲು ಹೆಚ್ಚು ಹೆಚ್ಚು ಬಲ ಬೇಕಾಗುತ್ತದೆ. ಉಕ್ಕಿನ ಬಲ ಏರಿದಂತೆ ಕಾಣುವುದು ಇದರಿಂದಲೇ. ಆದರೆ ಪದರಗಳನ್ನು ಒಂದರಿಂದೊಂದು ಸೀಳಿ ಬೇರ್ಪಡಿಸಲು ಬೇಕಾದ ಬಲ ಉಷ್ಣತೆಯೊಡನೆ ಅಷ್ಟಾಗಿ ಬದಲಾಗುವುದಿಲ್ಲ. ಬೆಚ್ಚಗಿರುವಾಗ ಜಾರುವುದು ಸುಲಭ, ಸೀಳುವುದು ಕಷ್ಟ. ಒಂದು ಉಷ್ಣತೆಯ ಕೆಳಗೆ, ವಿಶೇಷವಾಗಿ ಗೀರಿನ ತುದಿಯಲ್ಲಿ, ಸೀಳುವುದೇ ಸುಲಭವಾಗಿಬಿಡುತ್ತದೆ. ಬಲವನ್ನು ಹೆಚ್ಚಿಸಿದ ಕಾರಣವೇ ಉಕ್ಕನ್ನು ಪೆಡಸಾಗಿಸಿತು.

ತಾಮ್ರ, ಅಲ್ಯುಮಿನಿಯಂ, ನಿಕ್ಕಲ್ ಇವುಗಳ ಪರಮಾಣುಗಳು ಘನದ ಮೂಲೆಗಳಲ್ಲಿಯೂ ಆರು ಮುಖಗಳ ನಡುವೆಯೂ ಇರುತ್ತವೆ. ಅಲ್ಲಿ ದಿಣ್ಣೆ ಬಲು ತಗ್ಗು; ಆದುದರಿಂದ ಅವು ಎಂಥ ಚಳಿಯಲ್ಲಿಯೂ ಬಾಗುತ್ತವೆ. ಒಮ್ಮೆ ನಾವು ದ್ರವನೈಟ್ರೊಜನ್ನನ್ನು ತರಿಸಿ, ಗೀರು ಹಾಕಿದ ಉಕ್ಕಿನ ಪಟ್ಟಿಯನ್ನೂ ಅಷ್ಟೇ ದಪ್ಪದ ತಾಮ್ರದ ಪಟ್ಟಿಯನ್ನೂ ಅದರಲ್ಲಿ ಅದ್ದಿ ವಿದ್ಯಾರ್ಥಿಗಳ ಮುಂದೆ ಸುತ್ತಿಗೆಯಿಂದ ಹೊಡೆದೆವು. ತಾಮ್ರ ಬಗ್ಗಿತು, ಉಕ್ಕು ಬಳಪದ ಕಡ್ಡಿಯಂತೆ ಎರಡಾಯಿತು. ಅಲ್ಲಿಯವರೆಗೆ ಹೂವನ್ನು ಅದ್ದಿ ಪುಡಿಮಾಡುವ ಆಟವನ್ನೇ ಎದುರುನೋಡುತ್ತಿದ್ದ ತರಗತಿ ಒಂದು ಕ್ಷಣ ಸದ್ದಿಲ್ಲದೆ ಕುಳಿತಿತು.

ಇದೇ ಪ್ರಯೋಗವನ್ನು ಅಳತೆಗೆ ಒಳಪಡಿಸಿದುದು ಫ್ರೆಂಚ್ ವಿಜ್ಞಾನಿ ಜಾರ್ಜ್ ಶಾರ್ಪಿಯ ಹೆಸರಿನ ಪರೀಕ್ಷೆ. ಒಂದು ಸೆಂಟಿಮೀಟರು ಅಗಲ, ಅಷ್ಟೇ ದಪ್ಪ, ಐದೂವರೆ ಸೆಂಟಿಮೀಟರು ಉದ್ದದ ತುಂಡಿನ ನಡುವೆ ಎರಡು ಮಿಲಿಮೀಟರು ಆಳದ ಗೀರು ಹಾಕಿ, ಬೇಕಾದ ಉಷ್ಣತೆಗೆ ತಂಪುಮಾಡಿ, ಭಾರವಾದ ಲೋಲಕದಿಂದ ಹೊಡೆಯುವರು. ತುಂಡನ್ನು ಮುರಿದ ಬಳಿಕ ಲೋಲಕ ಎಷ್ಟು ಎತ್ತರಕ್ಕೆ ಏರಿತೆಂಬುದನ್ನು ನೋಡಿದರೆ ಮುರಿಯಲು ವೆಚ್ಚವಾದ ಶಕ್ತಿ ತಿಳಿಯುತ್ತದೆ. ಬೆಚ್ಚಗಿರುವಾಗ ನೂರಾರು ಜೂಲ್ ಶಕ್ತಿಯನ್ನು ನುಂಗುವ ಉಕ್ಕು, ಕೆಲವೇ ಡಿಗ್ರಿಗಳ ಅಂತರದಲ್ಲಿ, ಹತ್ತು ಜೂಲಿಗೇ ಮುರಿಯುವಂತಾಗಬಹುದು. ಒಡೆದ ಹಡಗುಗಳ ತಗಡುಗಳನ್ನು ಹೀಗೆ ಪರೀಕ್ಷಿಸಿದಾಗ, ಒಡೆಯುವ ಉಷ್ಣತೆಯಲ್ಲಿ ಸುಮಾರು 20 ಜೂಲ್ ತಡೆಯಬಲ್ಲ ತಗಡಿನಲ್ಲಿ ಬಿರುಕು ಹುಟ್ಟುವುದು ಅಪರೂಪವೆಂದು ಕಂಡುಬಂದಿತು. ಎರಡು ಕಿಲೋಗ್ರಾಂ ಕಲ್ಲು ಒಂದು ಮೀಟರು ಎತ್ತರದಿಂದ ಬಿದ್ದಾಗ ಬರುವ ಶಕ್ತಿ ಇಷ್ಟೇ. ಇಂದಿನ ಸಂಹಿತೆಗಳಲ್ಲಿ ಶಾರ್ಪಿ ಪರೀಕ್ಷೆಗೆ ವಿಧಿಸಿರುವ ಅಂಕಿಗಳ ಬೇರು ಆ ಮುರಿದ ಹಡಗುಗಳಲ್ಲಿದೆ.

ಅನಿಲದ ಕೊಳವೆಮಾರ್ಗದಲ್ಲಿ ಅಪಾಯ ಇನ್ನೂ ಹೆಚ್ಚು; ಅದಕ್ಕೆ ಕಾರಣ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಬಹಳ ರುಚಿಸುವಂಥದು. ಕೊಳವೆ ಒಂದೆಡೆ ಬಿರಿದೊಡನೆ ಒಳಗಿನ ಒತ್ತಡ ಇಳಿಯತೊಡಗುತ್ತದೆ. ಆದರೆ ಆ ಇಳಿತದ ಸುದ್ದಿ ಕೊಳವೆಯುದ್ದಕ್ಕೂ ಒಮ್ಮೆಗೇ ಮುಟ್ಟುವುದಿಲ್ಲ. ಅದು ಅನಿಲದಲ್ಲಿ ಶಬ್ದ ಹೋಗುವ ವೇಗದಿಂದ, ಎಂದರೆ ಸೆಕೆಂಡಿಗೆ ಸುಮಾರು 400 ಮೀಟರು ವೇಗದಿಂದ ಸಾಗುತ್ತದೆ. ಪೆಡಸಾದ ಉಕ್ಕಿನಲ್ಲಿ ಬಿರುಕು ಓಡುವ ವೇಗ ಸೆಕೆಂಡಿಗೆ 450 ಮೀಟರಿಗೂ ಹೆಚ್ಚು. ಬಿರುಕು ಸುದ್ದಿಗಿಂತ ಮುಂದೆ ಓಡುತ್ತದೆ! ಬಿರುಕಿನ ತುದಿಯಲ್ಲಿರುವ ಉಕ್ಕಿಗೆ ಹಿಂದೆ ಕೊಳವೆ ಒಡೆದದ್ದೇ ಗೊತ್ತಿಲ್ಲ. ಅಲ್ಲಿ ಒತ್ತಡ ಮೊದಲಿನಷ್ಟೇ ಇದ್ದು ಸೀಳುವ ಕೆಲಸ ಮುಂದುವರಿಯುತ್ತಲೇ ಹೋಗುತ್ತದೆ. ಅಮೆರಿಕದಲ್ಲಿ 1960ರಲ್ಲಿ 30 ಅಂಗುಲ ವ್ಯಾಸದ ಹೊಸ ಮಾರ್ಗವೊಂದನ್ನು ಅನಿಲ ತುಂಬಿ ಪರೀಕ್ಷಿಸುತ್ತಿದ್ದಾಗ ಬಿರುಕೊಂದು ಸುಮಾರು 13 ಕಿಲೋಮೀಟರು ಓಡಿತು. ಮೇಲಿನ ವೇಗದಿಂದ ಲೆಕ್ಕಹಾಕಿದರೆ ಅಷ್ಟು ಉದ್ದದ ಕೊಳವೆ ಹಾಳಾಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ಬಾಗಬಲ್ಲ ಉಕ್ಕಿನಲ್ಲಿ ಬಿರುಕಿನ ವೇಗ ಸೆಕೆಂಡಿಗೆ ನೂರರಿಂದ ಮುನ್ನೂರು ಮೀಟರು. ಅಲ್ಲಿ ಒತ್ತಡವಿಳಿದ ಅಲೆಯೇ ಬಿರುಕನ್ನು ಹಿಂದೆ ಹಾಕಿ ಮುಂದೆ ಹೋಗುವುದರಿಂದ ಬಿರುಕು ಸಾಮಾನ್ಯವಾಗಿ ಬೇಗನೆ ನಿಲ್ಲುತ್ತದೆ. ತೈಲ ಅಥವಾ ನೀರು ತುಂಬಿದ ಕೊಳವೆಯಲ್ಲಾದರೋ ಶಬ್ದದ ವೇಗ ಸೆಕೆಂಡಿಗೆ ಸಾವಿರ ಮೀಟರಿಗೂ ಮೇಲೆ. ಅಲ್ಲಿ ಎಂಥ ಬಿರುಕೂ ಬಹುದೂರ ಓಡಲಾರದು. ಹೊಸ ಕೊಳವೆಯನ್ನು ಅನಿಲದ ಬದಲು ನೀರು ತುಂಬಿ ಪರೀಕ್ಷಿಸುವ ಪದ್ಧತಿಯ ಹಿಂದೆ ಈ ವಿವೇಕವೂ ಇದೆ. ಹಿಮನಾಡಿನಲ್ಲಿ ನೀರು ಹೆಪ್ಪುಗಟ್ಟಿ ಕೊಳವೆಯನ್ನೇ ಕೆಡಿಸುವುದರಿಂದ ಬೇಸಗೆಯನ್ನು ಕಾಯಬೇಕು, ಇಲ್ಲವೆ ಹೆಪ್ಪುಗಟ್ಟದ ದ್ರವವನ್ನು ನೀರಿಗೆ ಬೆರೆಸಬೇಕು. 1960ರ ಸುಮಾರಿನಲ್ಲಿಯೇ ಒಹಾಯೊದ ಬ್ಯಾಟೆಲ್ ಸಂಶೋಧನಾಲಯದವರು ಶಾರ್ಪಿಯ ಸಣ್ಣ ತುಂಡು ಸಾಲದೆಂದು, ಕೊಳವೆಯ ಪೂರ್ಣ ದಪ್ಪದ ದೊಡ್ಡ ಪಟ್ಟಿಯ ಮೇಲೆ ಭಾರ ಬೀಳಿಸಿ ಹರಿಯುವ ಹೊಸ ಪರೀಕ್ಷೆಯನ್ನು ರೂಪಿಸಿದರು. ಹರಿದ ಮೈಯಲ್ಲಿ ನೂರಕ್ಕೆ 85ರಷ್ಟಾದರೂ ಮಾಸಲು ಬಣ್ಣದ, ನಾರುನಾರಾದ ಹರಿತ ಕಾಣಬೇಕು. ಮಿರುಗುವ ಸೀಳು ಹೆಚ್ಚಿದ್ದರೆ ಉಕ್ಕನ್ನು ತಿರಸ್ಕರಿಸಬೇಕು.

ಇನ್ನು ಉಕ್ಕಿನ ಆಯ್ಕೆಗೆ ಬರೋಣ. ಕಾರ್ಖಾನೆಯ ಕೊಳವೆಗಳ ಸಂಹಿತೆಯಲ್ಲಿ ಹಲವು ಸಾಧಾರಣ ಇಂಗಾಲದ ಉಕ್ಕುಗಳಿಗೆ −29 ಡಿಗ್ರಿ ಎಂಬ ಗಡಿಯಿದೆ. ದಪ್ಪ ಹೆಚ್ಚಾದರೆ ಗಡಿ ಇನ್ನೂ ಮೇಲಕ್ಕೆ ಬರುತ್ತದೆ. ಅದರ ಕೆಳಗೆ ಹೋಗಬೇಕಾದರೆ ಆ ಉಷ್ಣತೆಯಲ್ಲಿಯೇ ಶಾರ್ಪಿ ಪರೀಕ್ಷೆಗೆ ಒಳಪಟ್ಟ ಉಕ್ಕು ಬೇಕು. ಹಾಗೆ ಪರೀಕ್ಷಿತವಾದ ಇಂಗಾಲದ ಉಕ್ಕಿನಿಂದ −46ರವರೆಗೆ, ನೂರಕ್ಕೆ ಮೂರೂವರೆ ಭಾಗ ನಿಕ್ಕಲ್ ಬೆರೆಸಿದರೆ −101ರವರೆಗೆ, ಒಂಬತ್ತು ಭಾಗ ಬೆರೆಸಿದರೆ −196ರವರೆಗೆ ಇಳಿಯಬಹುದು. ಸಾವಿರ ಮೈಲಿ ಕೊಳವೆಗೆ ನಿಕ್ಕಲ್ ಬೆರೆಸುವ ಸಿರಿವಂತಿಕೆ ಯಾರಿಗೂ ಇಲ್ಲ. ಆದುದರಿಂದ ದೂರದ ಮಾರ್ಗಗಳಿಗೆ ಇಂಗಾಲವನ್ನೂ ಗಂಧಕವನ್ನೂ ಕಡಿಮೆಮಾಡಿ, ಚಿಟಿಕೆಯಷ್ಟು ನಿಯೋಬಿಯಂ ಸೇರಿಸಿ, ಉಷ್ಣತೆಯನ್ನು ಬಿಗಿಯಾಗಿ ಹಿಡಿದು ಉರುಳೆಗಳಲ್ಲಿ ತಟ್ಟಿದ ಉಕ್ಕನ್ನು ಬಳಸುತ್ತಾರೆ. ಇದರಿಂದ ಉಕ್ಕಿನ ಕಣಗಳು ಬಲು ಸಣ್ಣವಾಗುತ್ತವೆ. ಬಲವನ್ನು ಹೆಚ್ಚಿಸುವ ಮಿಕ್ಕ ಉಪಾಯಗಳೆಲ್ಲ ಪೆಡಸುತನವನ್ನೂ ಹೆಚ್ಚಿಸಿದರೆ, ಕಣಗಳನ್ನು ಸಣ್ಣದಾಗಿಸುವುದೊಂದು ಮಾತ್ರ ಎರಡು ಕಡೆಯೂ ಲಾಭ ಕೊಡುತ್ತದೆ. ನಮ್ಮ ಎಣಿಕೆಯಲ್ಲಿ ಕಳೆದ ಶತಮಾನದ ಲೋಹವಿದ್ಯೆಯ ಅತ್ಯುತ್ತಮ ಫಲಗಳಲ್ಲಿ ಇದೂ ಒಂದು. ಇದರ ಹೆಸರನ್ನು ಕೇಳಿದವರು ಮಾತ್ರ ಕಡಿಮೆ.

ಈ ಗಡಿಗಳಲ್ಲಿ ಹೇಳುವ ಉಷ್ಣತೆ ಯಾವುದರದು? ವಿದ್ಯಾರ್ಥಿಗಳನ್ನು ಕೇಳಿದರೆ 'ಗಾಳಿಯದು' ಎನ್ನುತ್ತಾರೆ. ಅಲ್ಲ, ಲೋಹದ್ದು. ಈ ವ್ಯತ್ಯಾಸವನ್ನು ಅರಿಯದೆ ಸಂಹಿತೆಯನ್ನು ಬಳಸಲು ಹೊರಟರೆ ಪ್ರಾಣಕ್ಕೇ ಕುತ್ತು.

ಅಲಾಸ್ಕದಲ್ಲಿ ಭೂಮಿಯ ಆಳದಿಂದ ಬರುವ ತೈಲ ಬಿಸಿಯಾಗಿರುತ್ತದೆ; ಅದು ಹರಿಯುತ್ತಿರುವವರೆಗೆ ಹೊರಗೆ ಎಂಥ ಚಳಿಯಿದ್ದರೂ ಕೊಳವೆಯ ಉಕ್ಕು ಬೆಚ್ಚಗೇ ಇರುತ್ತದೆ. ಬಿಸಿ ಕೊಳವೆಯನ್ನು ಹೂತರೆ ಕೆಳಗಿನ ನಿತ್ಯಹಿಮದ ನೆಲ ಕರಗಿ ಕೆಸರಾಗುವುದೆಂದು ಮಾರ್ಗದ ಅರ್ಧಕ್ಕೂ ಹೆಚ್ಚು ಭಾಗವನ್ನು 78,000 ಕಂಬಗಳ ಆಸರೆಯ ಮೇಲೆ ಗಾಳಿಯಲ್ಲಿ ನಿಲ್ಲಿಸಿದರು. ಕೊಳವೆಯನ್ನು ಹಾವಿನ ಹಾದಿಯಂತೆ ಅಂಕುಡೊಂಕಾಗಿಯೂ ಇಟ್ಟರು. ಏಕೆಂದರೆ ನೂರು ಡಿಗ್ರಿ ಉಷ್ಣತೆ ಬದಲಾದರೆ ಒಂದು ಕಿಲೋಮೀಟರು ಉಕ್ಕು ಒಂದು ಮೀಟರು 20 ಸೆಂಟಿಮೀಟರಿನಷ್ಟು ಹಿಗ್ಗಿ ಕುಗ್ಗುತ್ತದೆ. ಆದರೆ ತೈಲ ನಿಂತರೆ? ಆಗ ಉಕ್ಕು ಮೆಲ್ಲಮೆಲ್ಲನೆ ಹೊರಗಿನ ಗಾಳಿಯ ಉಷ್ಣತೆಗೆ ಇಳಿಯುತ್ತದೆ. 2011ರ ಜನವರಿಯ ನಡುಚಳಿಯಲ್ಲಿ ಸೋರಿಕೆಯೊಂದರ ಕಾರಣ ಮಾರ್ಗವನ್ನು ಕೆಲವು ದಿನ ನಿಲ್ಲಿಸಬೇಕಾಯಿತು. ತೈಲದೊಳಗಿನ ಮೇಣವೂ ನೀರೂ ಗಟ್ಟಿಯಾದಾವೆಂಬ ಭಯದಿಂದ, ರಿಪೇರಿ ಮುಗಿಯುವ ಮೊದಲೇ ನಡುವೆ ಒಮ್ಮೆ ಹರಿಯಬಿಟ್ಟರು. ವಿನ್ಯಾಸಕಾರನು ಎಣಿಸಬೇಕಾದುದು ಇಂಥ ದಿನವನ್ನು. ಎಲ್ಲವೂ ಸರಿಯಾಗಿ ನಡೆಯುವ ದಿನವನ್ನಲ್ಲ.

ಬೆಸುಗೆಗಳಿಂದಲೂ ಅಲ್ಲಿ ತೊಡಕಾಯಿತು. 1975ರಲ್ಲಿ ಮಾಡಿದ ಬೆಸುಗೆಗಳ ಎಕ್ಸ್-ರೇ ಚಿತ್ರಗಳನ್ನು ಮರುಪರೀಕ್ಷೆ ಮಾಡಿದಾಗ ಸುಮಾರು ನಾಲ್ಕು ಸಾವಿರ ಬೆಸುಗೆಗಳು ಸಂದೇಹಕ್ಕೆ ಒಳಗಾದವು; ಕೆಲವು ಚಿತ್ರಗಳೇ ಸುಳ್ಳಾಗಿದ್ದವು. ಹಲವು ಬೆಸುಗೆಗಳು ಆಗಲೇ ನೆಲದ ಕೆಳಗೂ ನದಿಯ ಕೆಳಗೂ ಸೇರಿಹೋಗಿದ್ದವು. ಸಂಹಿತೆಯ ಮಿತಿ ಒಳ್ಳೆಯ ಕಸಬುದಾರಿಕೆಯ ಮಿತಿ. ಅದನ್ನು ಮೀರಿದ ಪ್ರತಿಯೊಂದು ಕುಂದೂ ಕೊಳವೆಯನ್ನು ಒಡೆಯುವುದೇ? 1921ರಲ್ಲಿ ಗ್ರಿಫಿತ್ ಎಂಬ ಆಂಗ್ಲ ಶಿಲ್ಪಿ ಗಾಜಿನ ಮೇಲಿನ ಪ್ರಯೋಗಗಳಿಂದ ತೋರಿಸಿದಂತೆ, ಬಿರುಕಿನ ಉದ್ದ ನಾಲ್ಕು ಪಟ್ಟಾದರೆ ಒಡೆಯಲು ಬೇಕಾದ ಪೀಡನ ಅರ್ಧಕ್ಕೆ ಇಳಿಯುತ್ತದೆ. ಇದನ್ನು ಉಕ್ಕಿಗೆ ಅಳವಡಿಸಿ, ಅದರ ಕಡುಚಳಿಯ ಜಿಗುಟುತನವನ್ನು ಅಳೆದರೆ, ಎಷ್ಟು ದೊಡ್ಡ ಕುಂದು ಅಪಾಯಕಾರಿ ಎಂದು ಲೆಕ್ಕಹಾಕಬಹುದು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 1976ರಲ್ಲಿ ಈ ಲೆಕ್ಕವನ್ನು ಪರಿಶೀಲಿಸಿತು. ಸರ್ಕಾರ ಮಾತ್ರ ಧಾರಾಳಿಯಾಗಲಿಲ್ಲ. ವಿನಾಯಿತಿ ದೊರೆತುದು ಬೆರಳೆಣಿಕೆಯ ಬೆಸುಗೆಗಳಿಗೆ. ಮಿಕ್ಕವನ್ನು ಅಗೆದು ತೆಗೆದು ಮತ್ತೆ ಪರೀಕ್ಷಿಸಿ ಸರಿಪಡಿಸಬೇಕಾಯಿತು.

ಹೊರಗೆ ಹಿಮವಿಲ್ಲದ ದೇಶದಲ್ಲಿಯೂ ಲೋಹ ಕಡುಶೀತಕ್ಕೆ ಇಳಿಯಬಹುದು. ಆಸ್ಟ್ರೇಲಿಯದ ಲಾಂಗ್‌ಫರ್ಡ್ ಎಂಬಲ್ಲಿಯ ಅನಿಲದ ಕಾರ್ಖಾನೆಯಲ್ಲಿ 1998ರ ಸೆಪ್ಟೆಂಬರ್ 25ರಂದು ಬಿಸಿ ಎಣ್ಣೆಯ ಪಂಪುಗಳು ನಿಂತುಹೋದವು. ಸದಾ ಸುಮಾರು 100 ಡಿಗ್ರಿಯಲ್ಲಿರುತ್ತಿದ್ದ ಉಷ್ಣವಿನಿಮಯ ಪಾತ್ರೆಯೊಂದು, ತಣ್ಣನೆಯ ದ್ರವ ಮಾತ್ರ ಹರಿದು, −48 ಡಿಗ್ರಿಗೆ ಇಳಿದು ಮೈಮೇಲೆ ಮಂಜುಗಟ್ಟಿತು. ಆ ಉಕ್ಕನ್ನು ಅಷ್ಟು ಚಳಿಗೆಂದು ಆರಿಸಿರಲಿಲ್ಲ. ಪಂಪುಗಳನ್ನು ಮತ್ತೆ ನಡೆಸಿ ಬಿಸಿ ಎಣ್ಣೆಯನ್ನು ಒಳಬಿಟ್ಟಾಗ ಪಾತ್ರೆ ಒಡೆದು ಬೆಂಕಿ ಎದ್ದಿತು. ಇಬ್ಬರು ಸತ್ತರು, ಎಂಟು ಮಂದಿ ಗಾಯಗೊಂಡರು. ಮೆಲ್ಬರ್ನ್ ನಗರದ ಮನೆಗಳಿಗೆ ಎರಡು ವಾರಕ್ಕೂ ಮೇಲ್ಪಟ್ಟು ಅನಿಲವಿಲ್ಲದಾಯಿತು.

ನಮ್ಮ ಕರಾವಳಿಗೂ ಈ ವಿಷಯ ದೂರವಲ್ಲ. 2021ರ ಜನವರಿಯಲ್ಲಿ ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರು ಉದ್ದದ ಅನಿಲದ ಮಾರ್ಗ ಉದ್ಘಾಟನೆಯಾಯಿತು. ಕೊಚ್ಚಿಯ ಪುದುವೈಪಿನಲ್ಲಿ ಹಡಗಿನಿಂದಿಳಿಯುವ ಅನಿಲ −162 ಡಿಗ್ರಿಯ ದ್ರವರೂಪದಲ್ಲಿರುತ್ತದೆ. ಇಂಥ ದ್ರವಕ್ಕೆ ಯಾವ ಉಕ್ಕು ತಕ್ಕದ್ದೆಂಬುದನ್ನು ಲೋಕ ಕಲಿತ ಬಗೆ ದಾರುಣವಾದುದು: ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ 1944ರ ಅಕ್ಟೋಬರ್ 20ರಂದು, ನೂರಕ್ಕೆ ಮೂರೂವರೆ ಭಾಗ ನಿಕ್ಕಲಿನ ಉಕ್ಕಿನಿಂದ ಮಾಡಿದ ತೊಟ್ಟಿ ಒಡೆದು, ಬೀದಿಗೆ ಹರಿದ ಅನಿಲ ಹೊತ್ತಿ ಸುಮಾರು 130 ಮಂದಿ ಮಡಿದರು. ಇಂದು ಇಂಥ ತೊಟ್ಟಿಗಳ ಒಳಗೋಡೆಗೆ ಒಂಬತ್ತು ಭಾಗ ನಿಕ್ಕಲಿನ ಉಕ್ಕನ್ನೂ, ಅಲ್ಲಿಯ ಕೊಳವೆಗಳಿಗೆ ಮುಖಕೇಂದ್ರಿತ ಜೋಡಣೆಯ ತುಕ್ಕುಹಿಡಿಯದ ಉಕ್ಕನ್ನೂ ಬಳಸುವುದು ವಾಡಿಕೆ. ದ್ರವವನ್ನು ಕಾಯಿಸಿ ಅನಿಲವಾಗಿಸಿದ ಮೇಲೆ ಮಾತ್ರ ಅದು ಸಾಧಾರಣ ಉಕ್ಕಿನ ಕೊಳವೆಗೆ ಹೋಗುವುದು. ಎರಡು ಉಕ್ಕುಗಳು ಕೂಡುವ ಜಾಗಕ್ಕೆ ಮೊದಲು ಉಷ್ಣಮಾಪಕವೊಂದನ್ನು ಇಟ್ಟಿರುತ್ತಾರೆ. ಕಾಯಿಸುವ ಯಂತ್ರ ಸೋತು ಅನಿಲ ಗೊತ್ತಾದ ಮಿತಿಗಿಂತ ತಣ್ಣಗಾಗಿ ಬಂದರೆ, ಯಾರ ಅಪ್ಪಣೆಗೂ ಕಾಯದೆ, ಅದು ಕವಾಟವನ್ನು ಮುಚ್ಚಿಬಿಡುತ್ತದೆ.